ಲಿಫ್ಟಣ್ಣ ಕ್ಷಮೆ ಕೇಳಿದ್ದು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ಈ ಕಟ್ಟಡದ ಎಂಟೂ ಮಹಡಿಯನ್ನು ನಾನು ಮಂಡಿಯೂರಿಕೊಂಡೇ ಹತ್ತುತ್ತೇನೆ. ನನ್ನ ಮಂಡಿಯ ಸ್ಥಿತಿ ನಿಮಗೆ ಗೊತ್ತಿಲ್ಲ. ಗೊತ್ತಿದ್ದಿದ್ದರೆ ಈ ಆಣೆಯ ತೂಕ ತಿಳಿಯುತ್ತಿತ್ತು. ಬಟನ್ ಒಂದು ಸಲ ಒತ್ತಿದ್ದೀರಲ್ಲ, ಸಾಕು, ಮತ್ತೆ ಮತ್ತೆ ಒತ್ತಿದರೆ ಅದೇನೂ ಓಡಿ ಬರುವುದಿಲ್ಲ. ಆ ಕೆಂಪು ಅಂಕಿ ನೋಡಿ, ಎಂಟರಲ್ಲೇ ನಿಂತಿದೆ. ಅಂದರೆ ಎಂಟನೇ ಮಹಡಿಯ ಹೆಡ್‌ಮಿಸ್ಸು ಯಾರನ್ನೋ ಬೀಳ್ಕೊಡುತ್ತಿದ್ದಾರೆ. ಒಂದು ಕಾಲನ್ನು ಬಾಗಿಲಿಗೆ ಅಡ್ಡ ಕೊಟ್ಟು ಆತ್ಮದ ವಿಚಾರ ಹೇಳುತ್ತಿರುತ್ತಾರೆ. ಲಿಫ್ಟು ಕೆಳಗಿಳಿಯುವುದರೊಳಗೆ ಒಂದು ಕಥೆ ಆರಾಮವಾಗಿ ಮುಗಿಯುತ್ತದೆ. ಇದೇ ಲಿಫ್ಟಿನ ಕಥೆ, ಕೇಳಿ.

ಇದನ್ನು ನೋಡಿಕೊಳ್ಳುವವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಏನೋ ಇದೆ. ಇಡೀ ಕಟ್ಟಡ ಕರೆಯುವುದು ಲಿಫ್ಟಣ್ಣ ಎಂದೇ. ನೆಲಮಹಡಿಯಲ್ಲಿ, ಮೆಟ್ಟಿಲಿನ ಹೊಟ್ಟೆಯ ಕೆಳಗೆ ಸಿಕ್ಕಿಕೊಂಡಿರುವ ಎರಡು ಕೋಣೆಯಲ್ಲಿ ಅವನ ಸಂಸಾರ: ಹೆಂಡತಿ, ಹೆಂಡತಿಯ ಹೊಲಿಗೆ ಮಿಷನ್ನು, ಹೆಂಡತಿಯ ಅಮ್ಮ. ಲಿಫ್ಟಿನ ಕೆಲಸ ಇರುವವರೆಗೆ ಆ ಎರಡು ಕೋಣೆ ಅವನದು. ಕೆಲಸ ಹೋದ ದಿನ ಹೊಲಿಗೆ ಮಿಷನ್ನೂ ಅತ್ತೆಯೂ ಬೀದಿಯಲ್ಲಿ.

ಲಿಫ್ಟಣ್ಣ ಹುಟ್ಟು ಪುಕ್ಕಲ. ಛಾವಣಿಯ ಮೇಲಿನ ಮೋಟರ್ ಕೋಣೆಗೆ ಹೋಗಿ ಬೋಲ್ಟು ಬಿಗಿ ಮಾಡುವನು. ಕೆಳಗೆ ಬಂದ ಮೇಲೆ, ಬಿಗಿ ಮಾಡಿದೆನೋ ಇಲ್ಲವೋ ಎಂಬ ಅನುಮಾನ ಹುಟ್ಟಿ ಮತ್ತೆ ಹೋಗುವನು. ಹೋಗುವುದು ಮೆಟ್ಟಿಲ ಮೇಲೆ, ಏಕೆಂದರೆ ಬೋಲ್ಟು ಸಡಿಲವಿದ್ದರೆ? ಊಟಕ್ಕೆ ಕೂತಾಗ ಲಿಫ್ಟಿನ ಸದ್ದು ಸ್ವಲ್ಪ ದಪ್ಪವಾದರೂ ಸಾಕು, ತುತ್ತು ಗಂಟಲಿನಲ್ಲೇ ನಿಂತು ಮುಂದಿನ ಸದ್ದಿಗಾಗಿ ಕಾಯುತ್ತಿತ್ತು. ಎರಡನೇ ಮಹಡಿಯಲ್ಲಿ ಹಲ್ಲಿನ ಡಾಕ್ಟರೊಬ್ಬರಿದ್ದಾರೆ, ನಮ್ಮ ಸಂಘದ ಕಾರ್ಯದರ್ಶಿಯೂ ಅವರೇ. ಅವನ ಬಾಯೊಳಗೆ ಟಾರ್ಚು ಬಿಟ್ಟು ನೋಡಿ, ನಿದ್ದೆಯಲ್ಲಿ ಹಲ್ಲು ಕಡಿಯುತ್ತೀಯ, ಯೋಚನೆ ಕಡಿಮೆ ಮಾಡು ಎಂದರು. ಯೋಚನೆ ಕಡಿಮೆ ಮಾಡುವುದು ಹೇಗೆ ಎಂಬ ಯೋಚನೆ ಅಂದಿನಿಂದ ಹೊಸದಾಗಿ ಸೇರಿಕೊಂಡಿತು.

ಅವನಿಗೆ ದಾರಿ ಸಿಕ್ಕಿದ್ದು ಮೋಟರ್ ಕೋಣೆಯಲ್ಲಿ. ಆ ಕೋಣೆಯ ಗಾಳಿಕಿಂಡಿ ಹೆಡ್‌ಮಿಸ್ಸಿನ ಅಡುಗೆಮನೆಯ ನೇರ ಮೇಲಕ್ಕಿದೆ. ನಿವೃತ್ತಿಯಾದ ಮೇಲೆ ಹೆಡ್‌ಮಿಸ್ಸು ಒಬ್ಬ ಸ್ವಾಮಿಗಳ ಶಿಷ್ಯೆಯಾಗಿದ್ದಾರೆ. ಬೆಳಗ್ಗೆ ಬೆಳಗ್ಗೆ ಅವರ ಉಪದೇಶವನ್ನು ಫೋನಿನಲ್ಲಿ ಹಾಕುತ್ತಾರೆ. ಮಕ್ಕಳ ಗಲಾಟೆಯಲ್ಲೇ ಬಾಳಿದ ಕಿವಿ, ಹಾಗಾಗಿ ಜೋರಾಗಿಯೇ ಹಾಕುತ್ತಾರೆ. ಗ್ರೀಸ್ ಡಬ್ಬಿ ಹಿಡಿದು ಕೂತ ಲಿಫ್ಟಣ್ಣನಿಗೆ ಸ್ವಾಮಿಗಳು ಪಕ್ಕದಲ್ಲೇ ಕೂತು ಹೇಳಿದಂತೆ ಕೇಳಿಸುತ್ತಿತ್ತು. ಸೂರ್ಯನಿಗಿಂತ ಮುಂಚೆ ಏಳು. ಹೊಟ್ಟೆಯಲ್ಲಿ ಅರ್ಧ ಜಾಗ ಖಾಲಿ ಬಿಡು. ದಿನ ಶುರುವಾಗುವ ಮೊದಲು ಸುತ್ತಮುತ್ತಲಿನವರ ಹತ್ತಿರ ಕ್ಷಮೆ ಕೇಳು, ಎದೆ ಹಗುರಾಗುತ್ತದೆ. ಎಲ್ಲವನ್ನೂ ಮಾಡುವವನು ಅವನು, ನೀನು ನೆಪ ಮಾತ್ರ, ನಡೆಯುವುದನ್ನು ಸಾಕ್ಷಿಯಾಗಿ ನೋಡುತ್ತಿರು.

ನೀನು ನೆಪ ಮಾತ್ರ ಎಂಬ ಮಾತು ಕಿವಿಗೆ ಬಿದ್ದಾಗ ಲಿಫ್ಟಣ್ಣನ ಹೆಗಲಿನ ಮೇಲಿಂದ ಯಾರೋ ಲಿಫ್ಟನ್ನೇ ಇಳಿಸಿದಂತಾಯಿತಂತೆ.

ಶಿಸ್ತು ಶುರುವಾಯಿತು. ಸೂರ್ಯನಿಗಿಂತ ಮುಂಚೆ ಎದ್ದು ಸ್ನಾನಕ್ಕೆ ಹೋದವನು ಕತ್ತಲೆಯಲ್ಲಿ ಅತ್ತೆಯನ್ನು ಎಡವಿದ. ಅತ್ತೆ ಕಳ್ಳ ಎಂದು ಕೂಗಿಕೊಂಡರು. ಸೂರ್ಯನಿಗಿಂತ ಮುಂಚೆ ಇಡೀ ಕಟ್ಟಡವೇ ಎದ್ದು ಕೂತಿತು. ಅರ್ಧ ಊಟಕ್ಕೇ ಕೈ ತೊಳೆದುಕೊಂಡಾಗ ಹೆಂಡತಿ, ಅಡುಗೆಗೆ ಏನಾಗಿದೆ ಎಂದು ಕೇಳಿದಳು. ಏನೂ ಆಗಿಲ್ಲ, ರುಚಿಯ ಮೇಲಿನ ಆಸೆ ಬಿಟ್ಟಿದ್ದೇನೆ ಎಂದ. ಎರಡು ದಿನ ಅವಳು ಮಾತಾಡಲಿಲ್ಲ. ಅದನ್ನೂ ಅವನು ಸಾಕ್ಷಿಯಾಗಿ ನೋಡಿದ.

ಮೂರನೆಯದು ಕ್ಷಮೆ. ಅದನ್ನು ಮನೆಯಿಂದಲೇ ಶುರುಮಾಡೋಣ ಎಂದು ಅತ್ತೆಯ ಮುಂದೆ ಕೈಮುಗಿದು, ನನ್ನಿಂದ ಏನಾದರೂ ತಪ್ಪಾಗಿದ್ದರೆ ಕ್ಷಮಿಸಿಬಿಡಿ ಎಂದ. ಅತ್ತೆ ಕನ್ನಡಕ ಹಾಕಿಕೊಂಡು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ಮಗಳನ್ನು ಮೂಲೆಗೆ ಕರೆದರು.

"ನಿಮ್ಮಪ್ಪ ಜೀವಮಾನದಲ್ಲಿ ಒಂದೇ ಸಲ ನನ್ನ ಹತ್ರ ಹೀಗೆ ಕ್ಷಮೆ ಕೇಳಿದ್ದು ಕಣೆ. ಮಾರನೇ ದಿನವೇ ಹೋಗ್ಬಿಟ್ರು."

"ಅಪ್ಪ ತೀರಿಕೊಂಡಿದ್ದು ಜ್ವರ ಬಂದು ಅಂತಿದ್ದೆ?"

"ಅದು ನಿನಗೆ ಹೇಳಿದ್ದು. ಹೋಗಿದ್ದು ಬಸ್ಸಲ್ಲಿ. ಪಕ್ಕದ ಸೀಟಲ್ಲಿ ಇನ್ನೊಬ್ಬಳಿದ್ದಳು."

ಆವತ್ತಿನಿಂದ ಹೆಂಡತಿ ಅವನ ಅಂಗಿಯನ್ನು ಮೂಸಿ ನೋಡಿಯೇ ಒಗೆಯುವುದಕ್ಕೆ ಹಾಕುತ್ತಿದ್ದಳು. ಗ್ರೀಸಿನ ವಾಸನೆ ಬಿಟ್ಟು ಏನೂ ಸಿಗಲಿಲ್ಲ. ಗ್ರೀಸ್ ಕಂಪನಿಯಲ್ಲಿ ಹೆಂಗಸರೂ ಕೆಲಸ ಮಾಡುತ್ತಾರಾ ಎಂದು ಅತ್ತೆ ನನ್ನನ್ನೇ ಕೇಳಿದ್ದುಂಟು.

ಇಷ್ಟೇ ಆಗಿದ್ದರೆ ಮನೆಯೊಳಗಿನ ಮಾತು. ಆದರೆ ಸುತ್ತಮುತ್ತಲಿನವರು ಎಂದರೆ ಕಟ್ಟಡದವರೂ ಸೇರುತ್ತಾರಲ್ಲ. ಒಂದು ಸೋಮವಾರ ಬೆಳಗ್ಗೆ ಲಿಫ್ಟಣ್ಣ ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು, ಇದೇ ಈ ಬಾಗಿಲ ಪಕ್ಕ ಬಂದು ನಿಂತ. ಮೊದಲು ಬಂದವರು ಐದನೇ ಮಹಡಿಯ ಇನ್ಶೂರೆನ್ಸ್ ಏಜೆಂಟರು, ವಾಕಿಂಗ್ ಮುಗಿಸಿ, ಕೈಯಲ್ಲಿ ಹಾಲಿನ ಚೀಲ. ಲಿಫ್ಟಿನೊಳಗೆ ಹೋಗಿ ಐದು ಒತ್ತಿದರು. ಬಾಗಿಲು ಮುಚ್ಚಿಕೊಳ್ಳುತ್ತಿರುವಾಗ ಲಿಫ್ಟಣ್ಣ ಎರಡೂ ಕೈ ಜೋಡಿಸಿ, ಕಣ್ಣು ಒದ್ದೆ ಮಾಡಿಕೊಂಡು ಹೇಳಿದ:

"ಸಾರ್, ನನ್ನಿಂದ ಗೊತ್ತಿದ್ದೋ ಗೊತ್ತಿಲ್ಲದೆಯೋ ಏನಾದ್ರೂ ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ."

ಬಾಗಿಲು ಮುಚ್ಚಿತು. ಏಜೆಂಟರು ಏನು ಮಾಡಬೇಕು ಹೇಳಿ. ತರಕಾರಿಯವನು ಹೀಗೆ ಹೇಳಿದರೆ ಕೊಳೆತ ಬದನೆಕಾಯಿ ಎಂದುಕೊಳ್ಳಬಹುದು. ಲಿಫ್ಟು ರಿಪೇರಿ ಮಾಡುವವನು, ಅದೂ ಬಾಗಿಲು ಮುಚ್ಚುವಾಗ, ಅದೂ ಅಳುತ್ತಾ ಹೇಳಿದರೆ? ಅವರು ಕೈಗೆ ಸಿಕ್ಕಿದ ಬಟನ್ನುಗಳನ್ನೆಲ್ಲ ಒತ್ತಿ ಒಂದನೇ ಮಹಡಿಯಲ್ಲಿ ಹೊರಗೆ ಹಾರಿದರು. ಹಾಲಿನ ಚೀಲ ಒಂಟಿಯಾಗಿ, ಮಹಡಿಗೊಂದು ನಿಲ್ದಾಣ ಮಾಡಿಕೊಂಡು, ಎಂಟನೆಯವರೆಗೆ ಹೋಯಿತು.

ಸಂಜೆಯೊಳಗೆ ಲಿಫ್ಟು ಖಾಲಿ. ಎಂಟು ಮಹಡಿಯ ಜನ ಮೆಟ್ಟಿಲು ಹಿಡಿದರು. ಎಷ್ಟೋ ವರ್ಷದಿಂದ ಒಂದೇ ಕಟ್ಟಡದಲ್ಲಿದ್ದೂ ಮುಖ ನೋಡದವರು ಮೆಟ್ಟಿಲ ತಿರುವಿನಲ್ಲಿ ಏದುಸಿರು ಬಿಡುತ್ತಾ ಪರಿಚಯ ಮಾಡಿಕೊಂಡರು. ಆರನೇ ಮಹಡಿಯ ನಾಯಿ ಮೂರನೆಯದರಲ್ಲೇ ಮಲಗಿಬಿಡುತ್ತಿತ್ತು, ಅದನ್ನು ಯಜಮಾನಿ ಹೊತ್ತುಕೊಂಡು ಹೋಗಬೇಕಾಯಿತು. ಏಜೆಂಟರು ಮೆಟ್ಟಿಲಿನ ಮೇಲೆಯೇ ನಿಂತು ಅಪಘಾತದ ಪಾಲಿಸಿಯ ಗುಣಗಳನ್ನು ವಿವರಿಸುತ್ತಿದ್ದರು, ಕೇಳುವವರಿಗೆ ಓಡುವುದಕ್ಕೆ ಉಸಿರಿರಲಿಲ್ಲ.

ಇತ್ತ ಲಿಫ್ಟಣ್ಣನ ಎದೆ ಹಗುರಾಗುವ ಬದಲು ಕಲ್ಲಾಯಿತು. ಕ್ಷಮೆ ಕೇಳಿದ್ದು ಸಾಲದೇನೋ ಎಂದುಕೊಂಡು, ಮೆಟ್ಟಿಲ ಬುಡದಲ್ಲಿ ನಿಂತು ಎಲ್ಲರನ್ನೂ ಇನ್ನೊಂದು ಸುತ್ತು ಕೇಳಿದ. ಈಗ ಕೆಲವರು ಮೆಟ್ಟಿಲನ್ನೂ ಅನುಮಾನದಿಂದ ನೋಡತೊಡಗಿದರು.

ಕಾರ್ಯದರ್ಶಿಗಳು ಅವನನ್ನು ಕ್ಲಿನಿಕ್ಕಿಗೆ ಕರೆಸಿ, ಹಲ್ಲಿನ ಕುರ್ಚಿಯ ಮೇಲೆಯೇ ಕೂರಿಸಿ, ಮುಖದ ಮೇಲೆ ದೀಪ ಬಿಟ್ಟು ವಿಚಾರಣೆ ಮಾಡಿದರು.

"ಲಿಫ್ಟಲ್ಲಿ ದೋಷ ಇದೆಯೇನಯ್ಯ?"

"ನನಗೆ ಗೊತ್ತಿರೋ ಹಾಗೆ ಇಲ್ಲ ಸಾರ್."

"ಗೊತ್ತಿಲ್ಲದ ಹಾಗೆ?"

"ಗೊತ್ತಿಲ್ಲದ ದೋಷ ಯಾರಲ್ಲಿ ಇಲ್ಲ ಹೇಳಿ ಸಾರ್. ನಿಮ್ಮಲ್ಲೂ ಇರುತ್ತೆ."

ಕಾರ್ಯದರ್ಶಿಗಳು ದೀಪ ಆರಿಸಿ ಲಿಫ್ಟ್ ಇನ್ಸ್‌ಪೆಕ್ಟರಿಗೆ ಫೋನು ಮಾಡಿದರು.

ಇನ್ಸ್‌ಪೆಕ್ಟರು ತೆಳ್ಳಗಿನ ಮನುಷ್ಯ, ನಗುವ ಅಭ್ಯಾಸವಿಲ್ಲ. ಹಗ್ಗ ನೋಡಿದರು, ಬ್ರೇಕು ನೋಡಿದರು, ಬೋಲ್ಟುಗಳನ್ನು ಸುತ್ತಿಗೆಯಿಂದ ತಟ್ಟಿ ಕಿವಿಗೊಟ್ಟು ಕೇಳಿದರು. ಎಲ್ಲ ಗುಂಡುಕಲ್ಲಿನ ಹಾಗಿತ್ತು. ಕೆಳಗೆ ಬಂದು, ಇಷ್ಟು ಚೆನ್ನಾಗಿ ಇಟ್ಟವರು ಯಾರು, ನೀವೇನಾ ಎಂದು ಕೇಳಿದರು. ಬೇರೆ ಯಾರಾದರೂ ಆಗಿದ್ದರೆ ಹೌದು ಎನ್ನುತ್ತಿದ್ದರು, ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಲಿಫ್ಟಣ್ಣನಿಗೆ ಉಪದೇಶ ನೆನಪಾಯಿತು.

"ಮಾಡೋನು ನಾನಲ್ಲ ಸಾರ್. ನಾನು ನೆಪ ಮಾತ್ರ."

"ಮತ್ತೆ ಯಾರು ಮಾಡಿದ್ದು?"

ಲಿಫ್ಟಣ್ಣ ಭಕ್ತಿಯಿಂದ ಬೆರಳು ಮೇಲಕ್ಕೆತ್ತಿದ.

ಇನ್ಸ್‌ಪೆಕ್ಟರು ಬೆರಳಿನ ದಾರಿ ಹಿಡಿದು ಎಂಟನೇ ಮಹಡಿಗೆ ಹೋಗಿ ಹೆಡ್‌ಮಿಸ್ಸಿನ ಬಾಗಿಲು ತಟ್ಟಿದರು. ಪರವಾನಗಿಯಿಲ್ಲದೆ ಲಿಫ್ಟು ರಿಪೇರಿ ಮಾಡುವುದು ಅಪರಾಧ ಎಂದು ನಿಮಗೆ ಗೊತ್ತಿದೆಯಾ ಅಮ್ಮ ಎಂದು ಕೇಳಿದರು. ಹೆಡ್‌ಮಿಸ್ಸು ಅವರನ್ನು ನೋಡಿದ ನೋಟಕ್ಕೆ ಇನ್ಸ್‌ಪೆಕ್ಟರು ತಾವಾಗಿಯೇ ಕೈಕಟ್ಟಿ ನಿಂತರಂತೆ. ನಾನು ಜೀವಮಾನವೆಲ್ಲ ರಿಪೇರಿ ಮಾಡಿದ್ದು ನಿನ್ನಂಥವರ ಗಣಿತವನ್ನು, ಲಿಫ್ಟನ್ನಲ್ಲ ಎಂದು ಹೇಳಿ ಬಾಗಿಲು ಹಾಕಿಕೊಂಡರು.

ಇನ್ಸ್‌ಪೆಕ್ಟರು ಕಾರ್ಯದರ್ಶಿಗಳಿಗೆ ತೀರ್ಪು ಹೇಳಿದರು: ಯಂತ್ರ ಸರಿಯಿದೆ, ಮನುಷ್ಯ ಸರಿಯಿಲ್ಲ. ಕೆಲಸ ನನ್ನದು ಎಂದು ಒಪ್ಪಿಕೊಳ್ಳುವವನು ಒಬ್ಬ ಇಲ್ಲದೆ ನಾನು ಸಹಿ ಹಾಕುವುದಿಲ್ಲ. ಶನಿವಾರ ಬರುತ್ತೇನೆ. ಅಷ್ಟರಲ್ಲಿ ಇವನು ಒಪ್ಪಿಕೊಳ್ಳಬೇಕು, ಇಲ್ಲವೇ ಬೇರೆ ಮೆಕ್ಯಾನಿಕ್ಕನ್ನು ತನ್ನಿ. ಬೇರೆ ಮೆಕ್ಯಾನಿಕ್ಕಿಗೆ ಆ ಎರಡು ಕೋಣೆ ಬೇಕಾಗುತ್ತದೆ ಎಂದು ಕಾರ್ಯದರ್ಶಿಗಳು ಲಿಫ್ಟಣ್ಣನಿಗೆ ಮೆತ್ತಗೆ, ಹಲ್ಲು ಕೀಳುವ ಮೊದಲು ಹೇಳುವ ದನಿಯಲ್ಲಿ ಹೇಳಿದರು.

ಅತ್ತೆ ಆವತ್ತೇ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬತೊಡಗಿದರು. ಅಡುಗೆಗೆ ಬೇಕಾದಾಗ ತೆಗೆಯುವುದು, ತೊಳೆದು ಮತ್ತೆ ಚೀಲಕ್ಕೆ ಹಾಕುವುದು. ಆ ಸದ್ದಿಗೆ ಲಿಫ್ಟಣ್ಣ ಅರ್ಧ ಊಟವನ್ನೂ ಬಿಟ್ಟ. ಹೆಂಡತಿ ಹೊಲಿಗೆ ಮಿಷನ್ನು ನಿಲ್ಲಿಸಿ ಅವನ ಎದುರು ಬಂದು ಕೂತಳು.

"ರೀ, ನಾನೇ ಮಾಡಿದ್ದು ಅಂತ ಒಂದು ಮಾತು ಹೇಳೋಕೆ ನಿಮಗೇನು ಕಷ್ಟ?"

"ಅಹಂಕಾರ ಆಗುತ್ತೆ ಕಣೆ."

"ಅಹಂಕಾರ ಅಲ್ಲ, ಭಯ. ನಾನು ಮಾಡಿದ್ದು ಅಂದ್ಮೇಲೆ ಅದು ಬಿದ್ರೆ ನಿಮ್ಮ ತಲೆಗೆ ಬರುತ್ತೆ. ದೇವರು ಮಾಡಿದ್ದು ಅಂದ್ರೆ ದೇವರ ತಲೆಗೆ. ಸ್ವಾಮಿಗಳು ಅಷ್ಟೆಲ್ಲಾ ಹೇಳಿದ್ರಲ್ಲಿ ನಿಮಗೆ ಬೇಕಾದ್ದೊಂದೇ ಹಿಡ್ಕೊಂಡ್ರಿ."

ಲಿಫ್ಟಣ್ಣ ಇದನ್ನು ಸಾಕ್ಷಿಯಾಗಿ ನೋಡಲು ಪ್ರಯತ್ನಪಟ್ಟ. ಆಗಲಿಲ್ಲ. ಎದ್ದು ಬೋಲ್ಟು ನೋಡಲು ಹೋದ.

ಲಿಫ್ಟಣ್ಣನ ಹೆಂಡತಿಯಿಂದ ವಿಷಯ ತಿಳಿದು ಉಪಾಯ ಹೇಳಿದ್ದು ಹೆಡ್‌ಮಿಸ್ಸು. ತಮ್ಮ ಗುರುಗಳ ಉಪದೇಶ ಕೇಳಿ ಒಂದು ಸಂಸಾರ ಬೀದಿಗೆ ಬಿದ್ದಿತು ಎಂದರೆ ಗುರುಗಳಿಗೇ ಕೆಟ್ಟ ಹೆಸರು. ಶನಿವಾರ ಸ್ವಾಮಿಗಳನ್ನೇ ಮನೆಗೆ ಕರೆಯುತ್ತೇನೆ, ಅವರು ಲಿಫ್ಟು ಹತ್ತಿ ಬರಲಿ, ಅವರೇ ಹತ್ತಿದ ಮೇಲೆ ನೀವು ಹತ್ತದೆ ಇರುತ್ತೀರಾ ಎಂದು ಕಾರ್ಯದರ್ಶಿಗಳನ್ನು ಕೇಳಿದರು. ಕಾರ್ಯದರ್ಶಿಗಳು ಒಪ್ಪಿದರು. ಒಪ್ಪದಿದ್ದರೆ ಮೂಲೆಯಲ್ಲಿ ನಿಲ್ಲಿಸುತ್ತಾರೇನೋ ಎನ್ನುವ ಹಾಗಿತ್ತು ಅವರ ದನಿ.

ಶನಿವಾರ ಇಡೀ ಕಟ್ಟಡ ಇಲ್ಲಿ ಸೇರಿತ್ತು. ನಾಯಿಯೂ ಇತ್ತು. ಕಾರು ಬಂದು ನಿಂತಿತು. ಸ್ವಾಮಿಗಳು ಇಳಿದರು, ಇಳಿದರು ಎನ್ನುವುದಕ್ಕಿಂತ ಇಬ್ಬರು ಸೇರಿ ಇಳಿಸಿದರು ಎನ್ನಬೇಕು. ದೊಡ್ಡ ದೇಹ, ಊರುಗೋಲು, ಮಗುವಿನಂಥ ಮುಖ. ಮಂಡಿ ನನ್ನದರ ಹಾಗೆಯೇ. ನೇರ ಲಿಫ್ಟಿನ ಹತ್ತಿರ ಬಂದು ಬಲಗಾಲು ಒಳಗಿಟ್ಟರು. ಇಡೀ ಕಟ್ಟಡ ಉಸಿರು ಹಿಡಿಯಿತು. ಅಷ್ಟರಲ್ಲಿ ಪಕ್ಕದಲ್ಲಿ ಬೆವರುತ್ತಾ ನಿಂತಿದ್ದ ಲಿಫ್ಟಣ್ಣನನ್ನು ಕಂಡು, ಬರೀ ಮಾತಿಗೆಂದು, ಸರಿಯಾಗಿ ಹೋಗುತ್ತೇನಪ್ಪ ಇದು ಎಂದು ಕೇಳಿದರು.

"ಎಲ್ಲಾ ಅವನಿಚ್ಛೆ ಬುದ್ಧಿ. ನನ್ನ ಕೈಯಲ್ಲೇನಿದೆ?"

ಒಳಗಿಟ್ಟಿದ್ದ ಬಲಗಾಲು ಹೊರಗೆ ಬಂತು.

ಸ್ವಾಮಿಗಳು ಮೆಟ್ಟಿಲ ಕಡೆ ತಿರುಗಿದರು. ಹಿಂದೆ ಹೆಡ್‌ಮಿಸ್ಸು, ಅವರ ಹಿಂದೆ ಕಾರ್ಯದರ್ಶಿಗಳು, ಇನ್ಸ್‌ಪೆಕ್ಟರು, ಏಜೆಂಟರು, ನಾಯಿ, ಎಲ್ಲರೂ ಶವಯಾತ್ರೆಯ ಹಾಗೆ ತಲೆ ತಗ್ಗಿಸಿಕೊಂಡು ಹತ್ತಿದರು. ಕೆಳಗೆ ಅತ್ತೆ ಕೊನೆಯ ಪಾತ್ರೆಯನ್ನೂ ಚೀಲಕ್ಕೆ ಹಾಕಿದ ಸದ್ದು ಕೇಳಿಸಿತು.

ಎರಡನೇ ಮಹಡಿಯಲ್ಲಿ ಸ್ವಾಮಿಗಳು ನಿಂತರು. ಮುಖ ಕೆಂಪಾಗಿತ್ತು. ಕಾರ್ಯದರ್ಶಿಗಳು ಓಡಿಹೋಗಿ ಕ್ಲಿನಿಕ್ಕಿನ ಸ್ಟೂಲು ತಂದು ಕೂರಿಸಿದರು. ಕೆನ್ನೆ ಊದಿದ ಒಬ್ಬ ಪೇಷಂಟು ಹತ್ತಿ ಕಚ್ಚಿಕೊಂಡು ಬಾಗಿಲಿಗೆ ಬಂದು ನೋಡಿದ. ಲಿಫ್ಟಣ್ಣ ಸ್ವಾಮಿಗಳ ಕಾಲಿನ ಹತ್ತಿರ ಕುಸಿದು ಕೂತ. ಅವನ ಹೆಂಡತಿ ನಾಲ್ಕು ಮೆಟ್ಟಿಲು ಕೆಳಗೆ ಗೋಡೆಗೆ ಒರಗಿ ನಿಂತಿದ್ದಳು.

"ಬುದ್ಧಿ, ಸಾಕ್ಷಿಯಾಗಿ ನೋಡ್ತಿರು ಅಂತ ನೀವೇ ಹೇಳಿದ್ದು. ನೀವೇ ಹತ್ತಲಿಲ್ಲ ಅಂದ್ರೆ ಹೇಗೆ?"

ಸ್ವಾಮಿಗಳು ಉಸಿರು ಸಿಕ್ಕಿದ ಮೇಲೆ ಹೇಳಿದರು:

"ಸಾಕ್ಷಿಯಾಗಿರೋಕೂ ಬದುಕಿರಬೇಕಲ್ಲಪ್ಪ. ಈ ಲಿಫ್ಟಿನ ಬೋಲ್ಟು ಬಿಗಿ ಮಾಡಿದ್ದು ಯಾರು?"

"ಅವನೇ ಬುದ್ಧಿ..."

"ಅವನನ್ನ ನಾನು ಚಿಕ್ಕಂದಿನಿಂದ ಬಲ್ಲೆ. ಲೋಕ ಎಲ್ಲಾ ನೋಡ್ಕೋತಾನೆ, ನಿಜ. ಆದ್ರೆ ಅವನಿಗೆ ಸ್ಪ್ಯಾನರ್ ಹಿಡಿಯೋಕೆ ಬರಲ್ಲ. ಅದಕ್ಕೆ ಅಂತ ಒಬ್ಬನ್ನ ಇಟ್ಕೊಂಡಿರ್ತಾನೆ. ಆ ಒಬ್ಬ ಯಾರು ಅಂತ ಕೇಳ್ತಿದ್ದೀನಿ."

ಲಿಫ್ಟಣ್ಣ ಮೇಲೆ ನೋಡಿದ. ಕೆಳಗೆ ನೋಡಿದ. ಕೆಳಗೆ ಹೆಂಡತಿ ಇದ್ದಳು.

"ನಾನೇ ಬುದ್ಧಿ," ಎಂದ. ಗಂಟಲು ತುಕ್ಕು ಹಿಡಿದ ಕೀಲಿನ ಹಾಗೆ ಸದ್ದು ಮಾಡಿತು. "ನಿನ್ನೆ ಬಿಗಿ ಮಾಡಿದೆ. ಆಮೇಲೆ ಅನುಮಾನ ಬಂದು ಇನ್ನೊಂದು ಸಲ ಮಾಡಿದೆ. ಇವತ್ತು ನೀವು ಬರ್ತೀರಿ ಅಂತ ಭಯ ಆಗಿ ಮತ್ತೆ ಮಾಡಿದೆ."

"ಇದನ್ನ ಕೆಳಗೇ ಹೇಳಿದ್ರೆ ನನ್ನ ಮಂಡಿ ಉಳೀತಿತ್ತು," ಎಂದು ಸ್ವಾಮಿಗಳು ಊರುಗೋಲು ಊರಿ ಎದ್ದರು. "ಇಷ್ಟು ಹೆದರೋನು ಬಿಗಿ ಮಾಡಿದ ಯಂತ್ರ ಬೀಳಲ್ಲ. ಕರೆಸು ಲಿಫ್ಟು."

ಲಿಫ್ಟು ಬಂತು. ಸ್ವಾಮಿಗಳು ಲಿಫ್ಟಣ್ಣನ ಕೈ ಹಿಡಿದುಕೊಂಡೇ ಒಳಗೆ ಹೋದರು. ಅಲ್ಲಿಯವರೆಗೆ ಪ್ರಾಣಭಯದಿಂದ ನಡುಗುತ್ತಿದ್ದ ಜನವೆಲ್ಲ, ಸ್ವಾಮಿಗಳ ಪಕ್ಕದಲ್ಲಿ ನಿಲ್ಲುವ ಪುಣ್ಯಕ್ಕಾಗಿ ಒಮ್ಮೆಲೇ ನುಗ್ಗಿತು. ಭಾರ ಹೆಚ್ಚಾಗಿ ಗಂಟೆ ಹೊಡೆದುಕೊಂಡಿತು. ಯಾರೂ ಇಳಿಯಲೊಲ್ಲರು. ಕೊನೆಗೆ ಹೆಡ್‌ಮಿಸ್ಸು ಏಜೆಂಟರನ್ನೂ ನಾಯಿಯನ್ನೂ ಪೇಷಂಟನ್ನೂ ಹೊರಗೆ ಕಳಿಸಿದರು. ಬಾಗಿಲು ಮುಚ್ಚಿತು. ಮೂರು, ನಾಲ್ಕು, ಐದು. ಐದು ಆರರ ನಡುವೆ ಕರೆಂಟು ಹೋಯಿತು.

ಕತ್ತಲು. ಒಳಗಿದ್ದ ಇನ್ಸ್‌ಪೆಕ್ಟರು ನನಗೆ ಆಮೇಲೆ ಹೇಳಿದ್ದು ಇದು: ಆ ಕತ್ತಲೆಯಲ್ಲಿ ಮೊದಲು ಕೇಳಿದ್ದು ಕಾರ್ಯದರ್ಶಿಗಳ ದನಿ, ಹೆಡ್‌ಮಿಸ್ಸಿನ ಹತ್ತಿರ, ನನ್ನಿಂದ ಏನಾದರೂ ತಪ್ಪಾಗಿದ್ದರೆ ಕ್ಷಮಿಸಿ ಎಂದು. ಹೆಡ್‌ಮಿಸ್ಸು ಇನ್ಸ್‌ಪೆಕ್ಟರನ್ನು ಕೇಳಿದರು. ಇನ್ಸ್‌ಪೆಕ್ಟರು ಯಾರ ಕೈ ಸಿಕ್ಕಿತೋ ಅವರನ್ನು ಕೇಳಿದರು. ಸಿಕ್ಕಿದ್ದು ಸ್ವಾಮಿಗಳ ಕೈ, ಅದು ಇವರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಎಲ್ಲರೂ ಎಲ್ಲರಲ್ಲೂ ಕ್ಷಮೆ ಕೇಳಿ ಮುಗಿದ ಮೇಲೆ ಲಿಫ್ಟಣ್ಣನ ದನಿ ಬಂತು.

"ಹೆದರ್ಬೇಡಿ. ನಾನಿದ್ದೀನಿ."

ಇನ್ಸ್‌ಪೆಕ್ಟರ ಹೆಗಲಿನ ಮೇಲೆ ಒಂದು ಕಾಲು, ಕಾರ್ಯದರ್ಶಿಗಳ ತಲೆಯ ಮೇಲೆ ಇನ್ನೊಂದು ಇಟ್ಟು, ಮೇಲಿನ ಮುಚ್ಚಳ ತಳ್ಳಿ ಹೊರಬಿದ್ದ. ಆರನೇ ಮಹಡಿಯ ಬಾಗಿಲು ಬಿಡಿಸಿಕೊಂಡು ಮೋಟರ್ ಕೋಣೆಗೆ ಓಡಿ, ಬ್ರೇಕು ಸಡಿಲಿಸಿ ಚಕ್ರವನ್ನು ಕೈಯಾರೆ ತಿರುಗಿಸಿದ. ಲಿಫ್ಟು ಬಸವನಹುಳುವಿನ ಹಾಗೆ ಜರುಗಿ ಆರನೇ ಮಹಡಿಗೆ ಸರಿಯಾಗಿ ಬಂದು ನಿಂತಿತು. ಬಾಗಿಲು ತೆರೆದಾಗ ಇನ್ಸ್‌ಪೆಕ್ಟರು ಮೊದಲು ಸಹಿ ಹಾಕಿ ಆಮೇಲೆ ಹೊರಗೆ ಕಾಲಿಟ್ಟರು. ಸಂಜೆ ಅತ್ತೆ ಪಾತ್ರೆಗಳನ್ನು ಕಪಾಟಿಗೆ ಜೋಡಿಸಿದರು. ಲಿಫ್ಟಣ್ಣ ಆವತ್ತು ಹೊಟ್ಟೆತುಂಬ ಉಂಡ, ರುಚಿಯನ್ನೂ ಹೊಗಳಿದ.

ಇಗೋ, ಮಾತು ಮುಗಿಯುವುದಕ್ಕೂ ನಿಮ್ಮ ಲಿಫ್ಟು ಬರುವುದಕ್ಕೂ ಸರಿಹೋಯಿತು. ಹತ್ತಿ. ಲಿಫ್ಟಣ್ಣನಾ? ಅಲ್ಲಿ ಕಂಬದ ಪಕ್ಕ ಕೈಮುಗಿದುಕೊಂಡು ನಿಂತಿದ್ದಾನಲ್ಲ, ಅವನೇ. ನಾನು ಎನ್ನುವುದನ್ನು ಕಲಿತ, ಕ್ಷಮೆ ಕೇಳುವುದನ್ನು ಮಾತ್ರ ಬಿಟ್ಟಿಲ್ಲ, ನಮಗೆಲ್ಲ ರೂಢಿಯಾಗಿದೆ. ನಿಮ್ಮ ಕಡೆಗೇ ಬರುತ್ತಿದ್ದಾನೆ, ಹೊಸಬರಲ್ಲವೇ, ಗಾಬರಿಯಾಗಬೇಡಿ, ಅವನ ಕಣ್ಣು ಯಾವಾಗಲೂ ಹಾಗೇ ಒದ್ದೆ. ಯಜಮಾನರೇ, ಎಲ್ಲಿಗೆ ಓಡುತ್ತಿದ್ದೀರಿ, ಆ ಕಡೆ ಮೆಟ್ಟಿಲು, ಎಂಟು ಮಹಡಿ ಆಗುತ್ತದೆ, ನಿಲ್ಲಿ, ಸ್ವಾಮಿಗಳು ಆವತ್ತು ಹೇಗೆ ಕೆಳಗಿಳಿದರು ಎಂಬುದನ್ನು ನಾನಿನ್ನೂ ಹೇಳಿಯೇ ಇಲ್ಲ, ಅವರು ಲಿಫ್ಟಿನೊಳಗೆ ಒಂದು ಕಾಲಿಟ್ಟು, ಲಿಫ್ಟಣ್ಣನ ಮುಖ ನೋಡಿ...